ಹಳೆ ಸ್ಪ್ರಾಕೆಟ್ ಮೇಲೆ ಹೊಸ ಚೈನು

ತುಂಗಭದ್ರಾ ಎಡದಂಡೆ ಕಾಲುವೆಗೆ ಮುಂಗಾರಿನ ನೀರು ಬಿಟ್ಟರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಟ್ರ್ಯಾಕ್ಟರ್ ಗ್ಯಾರೇಜುಗಳಿಗೆ ಬಿಡುವಿಲ್ಲ. ನೆಲ್ಲಿನ ಗದ್ದೆ ಕೆಸರು ಮಾಡುವ ರೋಟಾವೇಟರ್ ನಿಂತರೆ ನಾಟಿಯೂ ನಿಲ್ಲುತ್ತದೆ, ಬಂದ ಆಳುಗಳ ಕೂಲಿ ಮಾತ್ರ ನಿಲ್ಲುವುದಿಲ್ಲ. ಆ ಅವಸರದಲ್ಲಿ ಮುರಿದ ಒಂದು ಸಾಮಾನು ಬದಲಿಸಿ ಯಂತ್ರವನ್ನು ಮತ್ತೆ ಗದ್ದೆಗೆ ಅಟ್ಟುತ್ತಾರೆ. ರೈತರ ದುಡ್ಡು ಹೆಚ್ಚು ಪೋಲಾಗುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ನಿನ ಬಲವನ್ನು ಬ್ಲೇಡಿನವರೆಗೆ ಒಯ್ಯುವ ಭಾಗಗಳು ಜೋಡಿ ಜೋಡಿಯಾಗಿ ಸವೆಯುತ್ತವೆ. ಜೋಡಿಯಲ್ಲಿ ಒಂದನ್ನೇ ಬದಲಿಸಿದರೆ, ಉಳಿದ ಹಳೆಯದು ಹೊಸದನ್ನು ತಿನ್ನುತ್ತದೆ.

ಚೈನ್ ಡ್ರೈವ್ ಇರುವ ರೋಟಾವೇಟರನ್ನೇ ನೋಡೋಣ. "ಚೈನ್ ಉದ್ದ ಆಗೇತಿ" ಎನ್ನುತ್ತೇವೆ. ಉಕ್ಕಿನ ಪಟ್ಟಿಗಳು ಹಿಗ್ಗಿವೆ ಎಂದು ಅನ್ನಿಸುತ್ತದೆ, ಆದರೆ ಅವು ಇದ್ದಷ್ಟೇ ಇರುತ್ತವೆ. ಸವೆಯುವುದು ಒಳಗಿನ ಕೀಲು. 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಪೇಟೆಂಟ್ ಪಡೆದ ರೋಲರ್ ಚೈನಿನ ರಚನೆಯೇ ಇಂದಿಗೂ ಇದೆ: ನಡುವೆ ಪಿನ್ನು, ಅದರ ಸುತ್ತ ಬುಷ್ ಎಂಬ ಕೊಳವೆ, ಬುಷ್ ಮೇಲೆ ಉರುಳುವ ರೋಲರ್. ಚೈನು ಸ್ಪ್ರಾಕೆಟ್ ಎಂಬ ಹಲ್ಲಿನ ಚಕ್ರ ಏರುವಾಗೊಮ್ಮೆ, ಇಳಿಯುವಾಗೊಮ್ಮೆ ಪಿನ್ನು ಬುಷ್ಷಿನೊಳಗೆ ತುಸು ತಿರುಗುತ್ತದೆ. ತಿರುಗಿದಷ್ಟೂ ಉಜ್ಜುತ್ತದೆ. ಸವೆದ ಜಾಗವನ್ನು ರೋಲರ್ ಮುಚ್ಚಿಕೊಂಡಿರುವುದರಿಂದ ಹೊರಗಿನಿಂದ ಚೈನು ಹೊಸದರಂತೆಯೇ ಕಾಣಬಹುದು.

ಆದ್ದರಿಂದ ಕಣ್ಣನ್ನು ನಂಬದೆ ಟೇಪು ಹಿಡಿಯಬೇಕು. ಪಿನ್ನಿನಿಂದ ಪಿನ್ನಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಅಂತರದ ಚೈನಿನಲ್ಲಿ ಹತ್ತು ಅಂತರ ಸೇರಿ 254 ಮಿ.ಮೀ. ಇರಬೇಕು. ಎಳೆದು ಹಿಡಿದು ಅಳೆದಾಗ 261 ದಾಟಿದರೆ ಸುಮಾರು ಶೇ. 3ರಷ್ಟು ಸವೆದಿದೆ. ಯಂತ್ರಗಳ ಚೈನಿಗೆ ಸಾಮಾನ್ಯವಾಗಿ ಇಟ್ಟುಕೊಂಡಿರುವ ಕೊನೆಯ ಗಡಿ ಇದೇ. ಒಂದೊಂದು ಕೀಲಿನ ಪಾಲಿಗೆ ಬರುವುದು ಮುಕ್ಕಾಲು ಮಿ.ಮೀ. ಮಾತ್ರ. ಅಷ್ಟಕ್ಕೇ ರೋಲರ್ ಹಲ್ಲಿನ ಬುಡ ಬಿಟ್ಟು ಮೇಲೆ ಕೂರುತ್ತದೆ, ನಾಲ್ಕಾರು ಹಲ್ಲು ಹಂಚಿಕೊಳ್ಳುತ್ತಿದ್ದ ಭಾರ ಒಂದೆರಡರ ಮೇಲೆ ಬೀಳುತ್ತದೆ, ಆ ಹಲ್ಲು ಒಂದು ಕಡೆಗೆ ಸವೆದು ಕೊಕ್ಕೆಯಾಗುತ್ತದೆ. ಈಗ ಹೊಸ ಚೈನು ತಂದು ಅದರ ಮೇಲೆ ಹಾಕಿದರೆ? ಸರಿಯಾದ ಅಂತರದ ರೋಲರಿಗೆ ಕೊಕ್ಕೆ ಹಲ್ಲು ಒಗ್ಗುವುದಿಲ್ಲ. ಸಿಕ್ಕಿ, ಜಿಗಿದು, ಬಡಿದು ಹೊಸ ಕೀಲುಗಳೂ ಬೇಗ ಸಡಿಲವಾಗುತ್ತವೆ. "ಹಳೇ ಸ್ಪ್ರಾಕೆಟ್‌ಗೆ ಹೊಸಾ ಚೈನ್ ಹಾಕಿದ್ರ ಬಾಳಿಕಿ ಬರಂಗಿಲ್ರೀ ಅಣ್ಣಾ" ಎಂದು ಮೆಕ್ಯಾನಿಕ್ ಹೇಳಿದರೆ ಅದು ಸಾಮಾನು ಮಾರುವ ಮಾತಲ್ಲ, ಲೆಕ್ಕದ ಮಾತು.

ಸರಪಳಿಯ ಬೆಲೆ ನಮ್ಮ ಸೀಮೆಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ, ಮುಂದಿನ ಬೆಳೆಯ ನೀರೆಲ್ಲ ನದಿಗೆ ಹರಿಯುತ್ತದೆಂದು ಇಡೀ ಅಚ್ಚುಕಟ್ಟು ಕಂಗಾಲಾಗಿತ್ತು. ಅದು ಭಾರ ಎತ್ತುವ ಚೈನು, ಇದು ತಿರುಗಿಸುವ ಚೈನು, ಕೆಲಸ ಬೇರೆ. ಎರಡರಲ್ಲೂ ಒಂದು ಕೊಂಡಿ ಹೋದರೆ ಉಳಿದ ಕೊಂಡಿಗಳಿಂದ ಪ್ರಯೋಜನವಿಲ್ಲ.

ರೋಟಾವೇಟರಿನ ಚೈನು ಮುಚ್ಚಿದ ಪೆಟ್ಟಿಗೆಯಲ್ಲಿ ಎಣ್ಣೆಯೊಳಗೇ ಓಡುತ್ತದಲ್ಲ, ಮತ್ತೇಕೆ ಸವೆಯುತ್ತದೆ? ಗಂಗಾವತಿ ಬಳಿಯ ಆನೆಗೊಂದಿ ಸುತ್ತಲಿನ ಬಂಡೆ ಗುಡ್ಡಗಳು ಗ್ರಾನೈಟಿನವು. ಗ್ರಾನೈಟ್ ಪುಡಿಯಾದಾಗ ಕೊನೆಗೆ ಉಳಿಯುವ ಗಟ್ಟಿ ಕಣ ಕ್ವಾರ್ಟ್ಜ್, ಮೋಸ್ ಗಡಸುತನದ ಅಳತೆಯಲ್ಲಿ 7. ಸಾದಾ ಉಕ್ಕನ್ನು ಅದು ಸಲೀಸಾಗಿ ಗೀರುತ್ತದೆ. ಎರೆ ಮಣ್ಣಿನ ಜೇಡಿ ಮೆತ್ತಗಿದ್ದರೂ ಅದರೊಳಗೆ ಸೇರಿದ ಮರಳು ಮೆತ್ತಗಿಲ್ಲ. ಮಸಾರಿ ಹೊಲದಲ್ಲಂತೂ ಅದೇ ಹೆಚ್ಚು. ರೋಟರ್ ಶಾಫ್ಟಿಗೆ ಸುತ್ತಿಕೊಂಡ ಹುಲ್ಲು ಆಯಿಲ್ ಸೀಲಿನ ರಬ್ಬರ್ ತುಟಿಯನ್ನು ಎತ್ತಿತೆಂದರೆ ಕೆಸರು ಒಳಗೆ, ಎಣ್ಣೆ ಹೊರಗೆ. ಮರಳು ಬೆರೆತ ಎಣ್ಣೆ ಲೋಹ ಉಜ್ಜುವ ಪೇಸ್ಟಾಗಿ ಬಿಡುತ್ತದೆ. ಸೀಲಿಗೂ ಜೋಡಿಯುಂಟು: ತುಟಿ ಕೂತ ಜಾಗದಲ್ಲಿ ಶಾಫ್ಟಿನ ಮೇಲೆ ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಶಾಫ್ಟಿಗೆ ತೆಳು ಸ್ಲೀವ್ ಹಾಕಿಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು.

ಟ್ರ್ಯಾಕ್ಟರಿನಿಂದ ರೋಟಾವೇಟರಿಗೆ ಬಲ ತರುವ ಪಿ.ಟಿ.ಓ. (ಪವರ್ ಟೇಕ್ ಆಫ್) ಶಾಫ್ಟಿನ ಎರಡು ತುದಿಯಲ್ಲಿ ಒಂದೊಂದು ಕ್ರಾಸ್, ಅಂದರೆ ನಾಲ್ಕು ತೋಳಿನ ಕೀಲು ಇರುತ್ತದೆ. 17ನೇ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್ ಹೆಸರಿನ ಕೀಲು ಇದೇ. ಓರೆಯಾಗಿದ್ದಾಗ ಈ ಕೀಲು ವೇಗವನ್ನು ಸಮನಾಗಿ ದಾಟಿಸುವುದಿಲ್ಲ. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು ಸಮನಾಗಿ ತಿರುಗುತ್ತಿದ್ದರೂ, ಕೀಲು 30 ಡಿಗ್ರಿ ಬಾಗಿದ್ದರೆ ಆಚೆಯ ಶಾಫ್ಟು ಒಂದೊಂದು ಸುತ್ತಿನಲ್ಲೂ ಎರಡು ಸಲ 468ಕ್ಕೆ ಇಳಿದು, ಎರಡು ಸಲ 623ರ ಆಸುಪಾಸಿಗೆ ಏರುತ್ತದೆ. ಇನ್ನೊಂದು ತುದಿಯ ಕೀಲು ಈ ಏರಿಳಿತವನ್ನು ತಿರುಗಿ ಸರಿಮಾಡುತ್ತದೆ. ಅದಕ್ಕೆ ಎರಡೂ ಕೋನ ಸಮನಿರಬೇಕು, ನಡುವಿನ ಶಾಫ್ಟಿನ ತುದಿಗಳಲ್ಲಿ ಕ್ರಾಸ್ ಹಿಡಿದಿರುವ ಎರಡೂ ಫೋರ್ಕು (ಕವಲು) ಒಂದೇ ನೇರಕ್ಕೆ ಇರಬೇಕು. ಕ್ರಾಸ್ ಬದಲಿಸುವಾಗ ಶಾಫ್ಟು ಬಿಚ್ಚಿ ಮತ್ತೆ ಜೋಡಿಸುವಲ್ಲಿ ಈ ನೇರ ತಪ್ಪಿದರೆ ಏರಿಳಿತ ಒಂದರ ಮೇಲೊಂದು ಬಿದ್ದು ಹೊಸ ಕ್ರಾಸ್, ಗೇರ್‌ಬಾಕ್ಸಿನ ಬೇರಿಂಗ್ ಎರಡೂ ಏಟು ತಿನ್ನುತ್ತವೆ. ಬಿಚ್ಚುವ ಮೊದಲು ಒಂದು ಗೆರೆ ಗುರುತು ಹಾಕಿಕೊಂಡರೆ ಸಾಕಿತ್ತು. ಇಷ್ಟು ಸಣ್ಣ ಕೆಲಸ ಬಿಟ್ಟುಹೋಗುವುದನ್ನು ನೋಡಿದಾಗ ಬೇಸರವಾಗುತ್ತದೆ.

ಇನ್ನು ಶಿಯರ್ ಬೋಲ್ಟ್. ಪಿ.ಟಿ.ಓ. ಶಾಫ್ಟಿನಲ್ಲಿರುವ ಇದು ಸಾಯಲೆಂದೇ ಇಟ್ಟ ಭಾಗ. ಅಮೆರಿಕ, ಕೆನಡಾದಲ್ಲಿ ಮನೆ ಮುಂದಿನ ಹಿಮ ತೆಗೆಯಲು ಗಾರ್ಡನ್ ಟ್ರ್ಯಾಕ್ಟರಿಗೆ ಕಟ್ಟುವ ಸ್ನೋ ಬ್ಲೋವರಿನಲ್ಲೂ ಇದೇ ಉಪಾಯ: ತಿರುಗುವ ಸುರುಳಿಗೆ ಹೆಪ್ಪುಗಟ್ಟಿದ ಗಡ್ಡೆ ಸಿಕ್ಕರೆ ಬೋಲ್ಟು ಕತ್ತರಿಸಿ ಗೇರ್ ಉಳಿಯುತ್ತದೆ. ನಮ್ಮಲ್ಲಿ ಗಡ್ಡೆಯ ಬದಲು ಕಲ್ಲು, ಬೇರು. ಪಿ.ಟಿ.ಓ.ದಲ್ಲಿ 30 ಕಿಲೋವ್ಯಾಟ್ ಬಲ ಹರಿಯುತ್ತಿದ್ದರೆ 540 ಸುತ್ತಿನಲ್ಲಿ ತಿರುಚುವ ಬಲ ಸುಮಾರು 530 ನ್ಯೂಟನ್ ಮೀಟರ್, ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ 54 ಕಿಲೋ ತೂಗುಹಾಕಿದಷ್ಟು. ಕಲ್ಲಿಗೆ ಬಡಿದ ಕ್ಷಣದಲ್ಲಿ ಇದು ಎಷ್ಟೋ ಪಟ್ಟು ಏರುತ್ತದೆ. ಬೋಲ್ಟಿನ ತಲೆಯ ಮೇಲೆ 4.6 ಎಂದಿದ್ದರೆ ಅದು ಚದರ ಮಿ.ಮೀ.ಗೆ ಸುಮಾರು 40 ಕಿಲೋ ಎಳೆತ ತಾಳುವ ಉಕ್ಕು, 8.8 ಎಂದಿದ್ದರೆ ಸುಮಾರು 80 ಕಿಲೋ. ಕಂಪನಿ 4.6 ಹೇಳಿದ ಕಡೆ "ಪದೇ ಪದೇ ಮುರೀತೈತಿ" ಎಂದು 8.8 ಹಾಕಿದವರು ರಕ್ಷಣೆಯ ಗಡಿಯನ್ನೇ ದುಪ್ಪಟ್ಟು ಮಾಡಿದಂತೆ. ಮುಂದಿನ ಕಲ್ಲಿಗೆ ಬೋಲ್ಟು ಉಳಿದು ಗೇರಿನ ಹಲ್ಲು ಹಾರುತ್ತದೆ.

ಬೋಲ್ಟು ನಿಜಕ್ಕೂ ಪದೇ ಪದೇ ಮುರಿಯುತ್ತಿದ್ದರೆ ಅದು ಕೂರುವ ತೂತನ್ನು ನೋಡಬೇಕು. ಸಡಿಲ ಬೋಲ್ಟಿನಲ್ಲಿ ಓಡಿಸಿದ ಫೋರ್ಕಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ. ಆಗ ಬೋಲ್ಟು ಒಂದೇ ಏಟಿಗೆ ನೇರ ಕತ್ತರಿಸದೆ ಅತ್ತಿತ್ತ ಬಾಗಿ ಬಾಗಿ, ಕಲ್ಲು ಸಿಗದಿದ್ದರೂ ದಣಿದು ಮುರಿಯುತ್ತದೆ. ತೂತು ತುಂಬಿಸಿ ಲೇತಿನವರ ಹತ್ತಿರ ಅದೇ ಅಳತೆಗೆ ಮತ್ತೆ ಕೊರೆಸಿ, ಅದೇ ನಂಬರಿನ ಬೋಲ್ಟು ಬಿಗಿದರೆ ಆ ಕಾಟ ನಿಲ್ಲುತ್ತದೆ.