ಹೆವಿ ಮೆಟಲ್: ಹೆಸರಿನೊಳಗಿನ ಕಬ್ಬಿಣ

ಮಳವಳ್ಳಿ ಕಡೆಯ ನಮ್ಮೂರಿನ ಜಗಲಿಯಲ್ಲಿ ಹೆವಿ ಮೆಟಲ್ ಹಾಡು ಕೇಳುತ್ತಾ ಕೂತಿದ್ದೆ. ಇಯರ್‌ಫೋನಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡ ಅಜ್ಜಿ ಗಾಬರಿಯಾದರು. "ಯಾಕ್ ಮಗ, ಇಂಗ್ ಕೂಗ್ತಾವ್ರೆ?" ಹೆವಿ ಮೆಟಲ್ ಅಂದರೆ ಏನು ಅಂತ ಹೇಳೋಕೆ ಈ ಪ್ರಶ್ನೆಯಿಂದಲೇ ಶುರು ಮಾಡಬೇಕು.

ಪದದ ಅರ್ಥ ಭಾರವಾದ ಲೋಹ. ವಿಜ್ಞಾನದ ಪುಸ್ತಕದಲ್ಲಿ ಸೀಸ, ಪಾದರಸಕ್ಕೆ ಹೀಗನ್ನುತ್ತಾರೆ. 1968ರಲ್ಲಿ ಸ್ಟೆಪ್ಪನ್‌ವುಲ್ಫ್ ತಂಡದ ಹಾಡೊಂದರಲ್ಲಿ ಬೈಕಿನ ಗುಡುಗಿಗೆ ಈ ಮಾತು ಬಂತು. ಆಮೇಲೆ ಒರಟು ಗಿಟಾರು, ಜೋರು ಡ್ರಮ್ಮಿನ ಸಂಗೀತಕ್ಕೆ ಅದೇ ಹೆಸರು ಅಂಟಿಕೊಂಡಿತು.

ಆದರೆ ಈ ಸಂಗೀತದಲ್ಲಿ ನಿಜವಾದ ಲೋಹವೂ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಟೋನಿ ಅಯೋಮಿ ಅಲ್ಲಿ ತಗಡಿನ ಕೆಲಸಕ್ಕೆ ಹೋಗುತ್ತಿದ್ದ ಹುಡುಗ. 17ನೇ ವಯಸ್ಸಿನಲ್ಲಿ, ಕೆಲಸ ಬಿಡಬೇಕಿದ್ದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಎರಡು ಬೆರಳಿನ ತುದಿ ಹೋಯಿತು. ಅವನು ಗಿಟಾರ್ ಬಿಡಲಿಲ್ಲ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಮುಂದೆ ಒತ್ತೋಕೆ ಸುಲಭವಾಗಲಿ ಅಂತ ತಂತಿಗಳನ್ನು ಸಡಿಲ ಮಾಡಿ ಶ್ರುತಿ ಇಳಿಸಿದ. ಅವನ ಬ್ಲ್ಯಾಕ್ ಸಬ್ಬತ್ ತಂಡದ ಆ ಭಾರವಾದ ಸದ್ದಿನಲ್ಲಿ ಈ ಗಾಯದ ಪಾಲೂ ಇದೆ.

ಈ ತಂಡದ ಹಾಡುಗಳ ಸಾಹಿತ್ಯವನ್ನು ಹೆಚ್ಚಾಗಿ ಬರೆದವರು ಬೇಸ್ ಗಿಟಾರಿನ ಗೀಝರ್ ಬಟ್ಲರ್. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ, 1970ರಲ್ಲಿ, 'ವಾರ್ ಪಿಗ್ಸ್' ಬಂತು. ಯುದ್ಧ ಶುರು ಮಾಡುವವರು ಬಚ್ಚಿಟ್ಟುಕೊಳ್ಳುತ್ತಾರೆ, ಸಾಯೋಕೆ ಬಡವರನ್ನು ಕಳಿಸುತ್ತಾರೆ ಅನ್ನುತ್ತದೆ ಅದು. ಸುಮ್ನೆ ಅರಚಾಟ ಅನ್ನುವವರು ಈ ಸಾಲುಗಳನ್ನು ಒಮ್ಮೆ ಓದಬೇಕು. ಮರುವರ್ಷದ 'ಚಿಲ್ಡ್ರನ್ ಆಫ್ ದಿ ಗ್ರೇವ್' ನನಗೆ ಇನ್ನೂ ಜಾಸ್ತಿ ಇಷ್ಟ. ಅದರಲ್ಲಿ ಅಣುಬಾಂಬಿನ ಭಯದಲ್ಲಿ ಬೆಳೆದ ಮಕ್ಕಳು ದ್ವೇಷದ ವಿರುದ್ಧ ಮೆರವಣಿಗೆ ಹೊರಡುತ್ತಾರೆ. ಪ್ರೀತಿ ಇನ್ನೂ ಬದುಕಿದೆ ಅಂತ ತೋರಿಸಿ, ಇಲ್ಲದಿದ್ದರೆ ಗೋರಿಯೇ ಗತಿ ಅಂತ ಹಾಡು ಅವರಿಗೆ ಹೇಳುತ್ತದೆ. ಆಸೆ ಇದೆ, ಆದರೆ ಪುಕ್ಕಟೆ ಸಿಗುವುದಿಲ್ಲ. ಮೆಟಲ್ ಸಾಹಿತ್ಯದ ಭರವಸೆ ಹೆಚ್ಚಾಗಿ ಹೀಗೇ, ಎಚ್ಚರಿಕೆಯ ಜೊತೆಗೇ ಬರುತ್ತದೆ.

ಇಷ್ಟನ್ನು ಅಜ್ಜಿಗೆ ಹೇಗೆ ಹೇಳೋದು? ಬೆರಳು ಕಳೆದುಕೊಂಡ ಹುಡುಗನ ಕತೆ ಹೇಳಿ, ನೀಲಗಾರರನ್ನು ನೆನಪಿಸಿದೆ. ನಮ್ಮ ಕಡೆ ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುತ್ತಾರಲ್ವಾ, ಅದರಲ್ಲೂ ಸಿಟ್ಟಿದೆ. ಹೊಲಸು ಮೈಯಲ್ಲಿ ಬಂದ ಮಂಟೇಸ್ವಾಮಿಯನ್ನು ಬಸವಣ್ಣನ ಕಲ್ಯಾಣದ ಬಾಗಿಲಲ್ಲೇ ತಡೆಯುತ್ತಾರೆ. ಎಲ್ಲರೂ ಸಮ ಅನ್ನುವ ಊರಲ್ಲೇ ಹೀಗಾ ಅಂತ ಕಾವ್ಯ ಕೇಳುತ್ತದೆ. ಮುಂದೆ ಅವನ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿಕೊಂಡು ಹಲಗೂರಿಗೆ ಹೋಗುತ್ತಾನೆ. ಕುಲುಮೆಯವರು ಇಲ್ಲ ಅನ್ನುತ್ತಾರೆ, ವಿಷ ಕೊಡುತ್ತಾರೆ. ಅವನು ಅದನ್ನೂ ಗೆದ್ದು ಬರುತ್ತಾನೆ. ಬರ್ಮಿಂಗ್‌ಹ್ಯಾಮಿಗೂ ಹಲಗೂರಿಗೂ ನಂಟಿಲ್ಲ, ಗೊತ್ತು. ಆದರೂ ಅಜ್ಜಿಗೆ ಆ ಕೂಗು ಯಾಕೆ ಅಂತ ಅಷ್ಟರಲ್ಲಿ ತಿಳಿಯಿತು.

ಇಯರ್‌ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಅಂದರು, "ಆ ಹುಡ್ಗನ್ ಕೈ ಈಗೆಂಗದೆ ಮಗ?"