ರೇಪ್‌ಸೀಡ್: ಇಳುವರಿ ಸೋರುವುದು ಎರಡು ತುದಿಗಳಲ್ಲಿ

ಸಾಸಿವೆಯ ಬಳಗದ ರೇಪ್‌ಸೀಡ್ ಗಿಡ ನಡುಪ್ರಾಯದಲ್ಲಿ ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಪಕ್ಕದ ಗಿಡ ಸತ್ತರೆ ಆ ಜಾಗಕ್ಕೆ ಕವಲು ಚಾಚುತ್ತದೆ. ಹೀಗಾಗಿ ಚದರ ಮೀಟರಿಗೆ 80 ಗಿಡವಿದ್ದ ಹೊಲವೂ 40 ಇದ್ದ ಹೊಲವೂ ಹೆಚ್ಚುಕಮ್ಮಿ ಒಂದೇ ಇಳುವರಿ ಕೊಡುವುದುಂಟು. ಈ ರಿಪೇರಿ ನಡೆಯದಿರುವುದು ಬಿತ್ತಿದ ಮೊದಲ ಮೂರು ವಾರ ಮತ್ತು ಕೊಯ್ಲಿನ ಹತ್ತು ಹದಿನೈದು ದಿನಗಳಲ್ಲಿ. ಗೊಬ್ಬರದ ಪಟ್ಟಿಗಿಂತ ಈ ಎರಡು ಅವಧಿಗಳಿಗೇ ಹೆಚ್ಚು ತಲೆಕೆಡಿಸಿಕೊಳ್ಳಬೇಕು.

ಬೀಜದ ಲೆಕ್ಕವನ್ನೇ ಹಿಡಿಯೋಣ. ಸಾವಿರ ಕಾಳಿನ ತೂಕ ತಳಿಯಿಂದ ತಳಿಗೆ 3ರಿಂದ 6 ಗ್ರಾಂವರೆಗೆ ಬದಲಾಗುತ್ತದೆ. ಆದ್ದರಿಂದ 'ಹೆಕ್ಟೇರಿಗೆ ಐದು ಕಿಲೋ' ಎಂಬ ಬಾಯಿಪಾಠಕ್ಕೆ ಅರ್ಥವಿಲ್ಲ. ಚದರ ಮೀಟರಿಗೆ ಬೇಕಾದ ಗಿಡಗಳ ಸಂಖ್ಯೆಯನ್ನು ಸಾವಿರ ಕಾಳಿನ ತೂಕದಿಂದ ಗುಣಿಸಿ, ಬದುಕುವ ಸಸಿಗಳ ಶೇಕಡಾವಾರಿನಿಂದ ಭಾಗಿಸಿ. 60 ಗಿಡ ಬೇಕು, ಕಾಳಿನ ತೂಕ 5 ಗ್ರಾಂ, ಬದುಕುವುದು ಶೇ 60 ಎಂದಾದರೆ ಹೆಕ್ಟೇರಿಗೆ 5 ಕಿಲೋ ಸರಿ. ಕಾಳು 3.5 ಗ್ರಾಂನದಾದರೆ ಅಷ್ಟೇ ಗಿಡಗಳಿಗೆ ಮೂರೂವರೆ ಕಿಲೋ ಸಾಕು. ಬದುಕುವ ಪ್ರಮಾಣವನ್ನು ಚೀಲದ ಮೇಲಿನ ಮೊಳಕೆ ಪ್ರಮಾಣದಿಂದ ಎತ್ತಿಕೊಳ್ಳಬೇಡಿ. ಪ್ರಯೋಗಾಲಯದಲ್ಲಿ ಶೇ 90 ಮೊಳೆತ ಬೀಜ ಹೊಲದಲ್ಲಿ ಶೇ 50–60ಕ್ಕೆ ಇಳಿಯುವುದು ಮಾಮೂಲು.

ಬಿತ್ತನೆಯ ಆಳ 1ರಿಂದ 2.5 ಸೆಂಟಿಮೀಟರ್. ಇಷ್ಟು ಸಣ್ಣ ಕಾಳಿನಲ್ಲಿ ಕೂಡಿಟ್ಟ ಆಹಾರ ಕಡಿಮೆ. ನಾಲ್ಕು ಸೆಂಟಿಮೀಟರ್ ಆಳಕ್ಕೆ ಹೋದ ಮೊಳಕೆ ಬೆಳಕು ಕಾಣುವ ಮೊದಲೇ ಬುತ್ತಿ ಖಾಲಿ ಮಾಡಿಕೊಳ್ಳುತ್ತದೆ. ಹೇಗೋ ಮೇಲೆ ಬಂದರೂ ಸೊರಗಿರುತ್ತದೆ. ಬಿತ್ತಿದ ಮೇಲೆ ಜೋರು ಮಳೆ ಸುರಿದು ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾದರಂತೂ ಒಂದೂವರೆ ಸೆಂಟಿಮೀಟರ್ ಆಳದ್ದೂ ಹೊರಬರಲಾರದು. ತೀರಾ ನುಣ್ಣಗೆ ಹದ ಮಾಡಿದ ಮಣ್ಣಿನಲ್ಲಿ ಈ ತೊಂದರೆ ಹೆಚ್ಚು. ಕೂರಿಗೆ ವೇಗವಾಗಿ ಓಡಿದಷ್ಟೂ ಆಳ ಏರುಪೇರಾಗುತ್ತದೆ, ಸಾಲು ಕೆದಕಿ ನೋಡದೆ ಅದು ತಿಳಿಯುವುದಿಲ್ಲ. ಯೂರಿಯಾವನ್ನು ಬೀಜದ ಸಾಲಿಗೇ ಸುರಿಯುವುದು ಇನ್ನೊಂದು ತಪ್ಪು. ಅದರಿಂದ ಹೊಮ್ಮುವ ಅಮೋನಿಯಾ ಎಳೆ ಬೇರನ್ನು ಸುಡುತ್ತದೆ, ಮಣ್ಣು ಒಣಗಿದ್ದರೆ ಇನ್ನೂ ಹೆಚ್ಚು.

ಮೇಲೆ ಬಂದ ಸಸಿಗೆ ಕಾದಿರುವ ಶತ್ರು ಫ್ಲೀ ಬೀಟಲ್. ಎರಡು ಮೂರು ಮಿಲಿಮೀಟರಿನ ಈ ಜಿಗಿಯುವ ಜೀರುಂಡೆ ಬೀಜದಳಗಳನ್ನು ತೂತು ತೂತಾಗಿ ಮೇಯುತ್ತದೆ. ಎಲೆಯ ಹಾನಿ ಶೇ 25 ಮುಟ್ಟಿ ಜೀರುಂಡೆಗಳು ಇನ್ನೂ ಮೇಯುತ್ತಿದ್ದರೆ ಸಿಂಪಡಣೆಗೆ ಅದೇ ಹೊತ್ತು. ಸಸಿಗೆ ನಾಲ್ಕು ನಿಜ ಎಲೆ ಬಂದ ಮೇಲೆ ಸಾಮಾನ್ಯವಾಗಿ ಚಿಂತೆಯಿಲ್ಲ.

ನಡುಗಾಲದಲ್ಲಿ ಗಿಡ ತಾನೇ ತುಂಬಿಕೊಳ್ಳಲಾರದ ಕೊರತೆಯೊಂದಿದೆ: ಗಂಧಕ. ಏಕದಳ ಧಾನ್ಯಗಳಿಗೆ ಸಾಲುವ ಗಂಧಕ ಈ ಬಳಗಕ್ಕೆ ಸಾಲದು. ಕೊರತೆಯಿರುವ ಮಣ್ಣಿಗೆ ಹೆಕ್ಟೇರಿಗೆ 20–30 ಕಿಲೋ ಬೇಕಾಗುತ್ತದೆ. ಎಳೆ ಎಲೆಗಳು ಹಳದಿಯಾಗಿ ಬಟ್ಟಲಿನಂತೆ ಮುದುಡುತ್ತವೆ, ಹೂ ಬಿಳಿಚುತ್ತದೆ, ಕಾಯಿ ಜೊಳ್ಳಾಗುತ್ತದೆ. ಇದನ್ನು ಸಾರಜನಕದ ಕೊರತೆ ಎಂದು ತಿಳಿದು ಯೂರಿಯಾ ಹಾಕಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ಸಾರಜನಕ ಏರಿದಷ್ಟೂ ಗಂಧಕದ ಹಸಿವೂ ಏರುತ್ತದೆ. ಸಾರಜನಕದ ಕೊರತೆಯಲ್ಲಿ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆಗಳು, ಗುರುತು ಹಿಡಿಯಲು ಇಷ್ಟು ಸಾಕು. ಇನ್ನು ಗೊಬ್ಬರದ ರೂಪ: ಅಮೋನಿಯಂ ಸಲ್ಫೇಟ್ ಆ ಹಂಗಾಮಿಗೇ ಸಿಗುತ್ತದೆ, ಪುಡಿ ಗಂಧಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಸಲ್ಫೇಟ್ ಮಾಡಿಕೊಡುವವರೆಗೆ ಕಾಯಬೇಕು.

ಹೂವಿನ ಕಾಲದಲ್ಲಿ ಕಾಂಡ ಕೊಳೆಸುವ ಸ್ಕ್ಲೆರೋಟಿನಿಯಾ ಶಿಲೀಂಧ್ರ ನೇರವಾಗಿ ಕಾಂಡಕ್ಕೆ ಹತ್ತುವುದಿಲ್ಲ. ಅದರ ಬೀಜಾಣುಗಳು ಎಸಳ ಮೇಲೆ ಮೊಳೆಯುತ್ತವೆ, ಉದುರಿದ ಎಸಳು ಎಲೆಯ ಕಂಕುಳಲ್ಲಿ ಸಿಕ್ಕಿಕೊಂಡು ಅಲ್ಲಿಂದ ರೋಗ ಒಳಹೊಗುತ್ತದೆ. ಶೇ 20–50ರಷ್ಟು ಹೂ ಅರಳಿದ ಹಂತದಲ್ಲೇ ಸಿಂಪಡಿಸಬೇಕೆನ್ನುವುದು ಇದಕ್ಕಾಗಿ. ಕಾಂಡ ಬೆಳ್ಳಗಾದ ಮೇಲೆ ಸಿಂಪಡಿಸಿದ ಔಷಧ ದಂಡ.

ಕಟಾವಿನ ಹೊತ್ತನ್ನು ಕಾಯಿಯ ಹೊರಬಣ್ಣ ನೋಡಿ ಹೇಳುವವರು ಮೋಸಹೋಗುತ್ತಾರೆ. ಮುಖ್ಯ ಕಾಂಡದ ಕೆಳಗಿನ, ನಡುವಿನ, ಮೇಲಿನ ಕಾಯಿಗಳನ್ನು ಸುಲಿದು ನೋಡಿ. ಸುಮಾರು ಶೇ 60 ಕಾಳುಗಳಲ್ಲಿ ಕಂದು ಬಣ್ಣ ಕಾಣಿಸಿಕೊಂಡಿದ್ದರೆ ಗಿಡ ಕೊಯ್ದು ಸಾಲಾಗಿ ಒಣಗಲು ಹಾಕಬಹುದು. ಗಿಡ ವಿರಳವಾದ ಹೊಲದಲ್ಲಿ ಕವಲುಗಳು ತಡವಾಗಿ ಮಾಗುವುದರಿಂದ ಅವುಗಳ ಕಾಯಿಗಳನ್ನೂ ಸುಲಿಯಬೇಕು. ಬಿತ್ತನೆಯಲ್ಲಿ ಮಾಡಿದ ತಪ್ಪಿನ ಬಿಲ್ಲು ಬರುವುದು ಇಲ್ಲಿ. ಬೇಗ ಕೊಯ್ದರೆ ಕಾಳು ಚಿಕ್ಕದು, ಎಣ್ಣೆ ಕಡಿಮೆ, ಜೊತೆಗೆ ಹಸಿರು. ಹಸಿರು ಕರಗಿಸುವ ಕಿಣ್ವಗಳಿಗೆ ಕಾಳಿನಲ್ಲಿ ತೇವ ಬೇಕು, ಬಿಸಿಗಾಳಿಗೆ ಥಟ್ಟನೆ ಒಣಗಿದರೆ ಹಸಿರು ಹಾಗೇ ಉಳಿದು ಎಣ್ಣೆಯನ್ನೂ ಕೆಡಿಸುತ್ತದೆ. ತಡಮಾಡಿದರೆ ಕಾಯಿ ಸಿಡಿಯುತ್ತದೆ. ನಷ್ಟ ಅಳೆಯುವುದು ಸುಲಭ: ಸಾವಿರ ಕಾಳಿನ ತೂಕ 4 ಗ್ರಾಂ ಇದ್ದರೆ, ಚದರ ಮೀಟರಿನಲ್ಲಿ ಬಿದ್ದ ಪ್ರತಿ 25 ಕಾಳಿಗೆ ಹೆಕ್ಟೇರಿಗೆ ಒಂದು ಕಿಲೋ ಹೋಯಿತೆಂದು ಲೆಕ್ಕ.

ಕಣಜಕ್ಕೆ ಹೋಗುವಾಗ ತೇವಾಂಶ ಶೇ 8 ಮೀರದಿರಲಿ. ಒಕ್ಕಿದ ಕಾಳು ಮೊದಲ ಕೆಲವು ವಾರ ಇನ್ನೂ ಉಸಿರಾಡಿ ಬಿಸಿಯಾಗುತ್ತದೆ. ಸಣ್ಣ ಕಾಳು ಒತ್ತಾಗಿ ಕೂರುವುದರಿಂದ ಗಾಳಿಯೂ ಆಡದು.

ಎಣ್ಣೆಯ ಮಾತು ಬಂದಾಗ ತಳಿಯ ಚರಿತ್ರೆ ಬೇಕಾಗುತ್ತದೆ. ಹಳೆಯ ತಳಿಗಳ ಎಣ್ಣೆಯಲ್ಲಿ ಎರುಸಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಶೇ 40 ದಾಟುತ್ತಿತ್ತು, ಹಿಂಡಿಯಲ್ಲಿ ಕಹಿ ಗ್ಲುಕೋಸಿನೊಲೇಟ್ ತುಂಬಿತ್ತು. ಕೆನಡಾದಲ್ಲಿ ತಳಿ ವಿಜ್ಞಾನಿಗಳಾದ ಕೀತ್ ಡೌನಿ ಮತ್ತು ಬಾಲ್ಡರ್ ಸ್ಟೆಫನ್ಸನ್ ಎರಡನ್ನೂ ಇಳಿಸುವ ಕೆಲಸದ ಮುಂಚೂಣಿಯಲ್ಲಿದ್ದರು. ಡೌನಿಯವರ ಉಪಾಯ ಸೊಗಸಾಗಿತ್ತು: ಕಾಳಿನ ಒಂದು ಬೀಜದಳ ಕತ್ತರಿಸಿ ಆಮ್ಲ ಅಳೆಯುವುದು, ಮಿಕ್ಕ ಅರ್ಧವನ್ನು ಮೊಳೆಸಿ ಗಿಡ ಮಾಡುವುದು. ಎರಡೂ ಕಡಿಮೆಯಿರುವ ಟವರ್ ತಳಿ 1974ರಲ್ಲಿ ಹೊರಬಂತು. ಹೀಗೆ ಎರಡೂ ಇಳಿದ ತಳಿಗಳಿಗೆ ಕ್ಯಾನೋಲ ಎಂದು ಹೆಸರು. ಅದರ ಎಣ್ಣೆಯಲ್ಲಿ ಎರುಸಿಕ್ ಆಮ್ಲ ಶೇ 2ಕ್ಕಿಂತ ಕಡಿಮೆ ಇರಬೇಕೆಂಬುದು ನಿಯಮ. ಹಾಗಂತ ಹೆಚ್ಚು ಎರುಸಿಕ್ ಇರುವ ತಳಿ ಮೂಲೆಗೆ ಬಿದ್ದಿಲ್ಲ. ಪ್ಲಾಸ್ಟಿಕ್ ಹಾಳೆಗಳು ಒಂದಕ್ಕೊಂದು ಅಂಟದಂತೆ ಬೆರೆಸುವ ಎರುಕಮೈಡ್ ತಯಾರಾಗುವುದು ಅದರಿಂದಲೇ.

ಕ್ಯಾನೋಲ ಮತ್ತು ಹೆಚ್ಚು ಎರುಸಿಕ್ ತಳಿ, ಇವೆರಡನ್ನೂ ಒಂದೇ ಹೊಲದಲ್ಲಿ ಸರದಿಯಾಗಿ ಬೆಳೆಯಹೊರಟವರಿಗೆ ಕೊಯ್ಲಿನಲ್ಲಿ ಉದುರಿದ ಕಾಳೇ ಕಂಟಕ. ಉದುರಿದ ಕೂಡಲೇ ಉತ್ತು ಮಣ್ಣಿನಡಿ ಸೇರಿಸಿದರೆ, ಕತ್ತಲೆ ಮತ್ತು ಒಣಹವೆಯಲ್ಲಿ ಕಾಳು ಮರುನಿದ್ರೆಗೆ ಜಾರಿ ವರ್ಷಗಟ್ಟಲೆ ಬದುಕುತ್ತದೆ, ಮುಂದಿನ ಬೆಳೆಯಲ್ಲಿ ಎದ್ದು ಎಣ್ಣೆಯ ಗುಣ ಕೆಡಿಸುತ್ತದೆ. ಬೇರು ಊದಿಸುವ ಕ್ಲಬ್‌ರೂಟ್ ರೋಗಕ್ಕೂ ಆ ಗಿಡಗಳು ಆಸರೆ. ಕೊಯ್ಲಾದ ಮೇಲೆ ಮೂರು ನಾಲ್ಕು ವಾರ ಕೂಳೆಯನ್ನು ಮುಟ್ಟದೆ ಬಿಟ್ಟರೆ ಬಹುಪಾಲು ಕಾಳು ಮೇಲೆಯೇ ಮೊಳೆಯುತ್ತವೆ, ಇಲ್ಲವೇ ಹಕ್ಕಿ, ಹುಳಗಳ ಪಾಲಾಗುತ್ತವೆ. ಉಳುಮೆ ಆಮೇಲೆ.