ಒಗೆದರೆ ಸಾಕ್ಸ್‌ನ ಬೆಳ್ಳಿ ಹೋಗಿಬಿಡುತ್ತಾ?

ಪ್ರಶ್ನೆ: ಬೆಳ್ಳಿ ಸೇರಿಸಿದ ಸಾಕ್ಸ್ ಹಾಕಿದರೆ ಕಾಲು ನಾರುವುದಿಲ್ಲ ಅಂತಾರೆ. ಆದರೆ ಒಗೆಯುವಾಗ ಆ ಬೆಳ್ಳಿ ನೀರಲ್ಲಿ ಹೋಗಲ್ವಾ?

ಹೋಗುತ್ತದೆ. ಅದು ಬಿಟ್ಟು ಹೋಗುವುದರಿಂದಲೇ ಕೆಲಸ ಮಾಡುತ್ತದೆ.

ಬೆವರಿಗೆ ತಾನಾಗಿ ಅಂಥ ವಾಸನೆ ಇಲ್ಲ. ಶೂ ಒಳಗೆ ಕಾಲು ಬೆಚ್ಚಗೆ, ತೇವವಾಗಿ ಇರುತ್ತದಲ್ಲ, ಅಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಬೆವರನ್ನೂ ಸತ್ತ ಚರ್ಮವನ್ನೂ ತಿಂದು ಅವು ಬಿಡುವ ಆಮ್ಲಗಳೇ ನಾರುವುದು.

ಬೆಳ್ಳಿ ದಾರದಲ್ಲಿ ಸುಮ್ನೆ ಕೂತಿದ್ದರೆ ಅವಕ್ಕೆ ಏನೂ ಆಗುವುದಿಲ್ಲ. ತೇವವೂ ಆಮ್ಲಜನಕವೂ ಸಿಕ್ಕಾಗ ಬೆಳ್ಳಿಯ ಪರಮಾಣು ಒಂದು ಎಲೆಕ್ಟ್ರಾನ್ ಕಳೆದುಕೊಂಡು, ಅಯಾನ್ ಆಗಿ ಹೊರಗೆ ಬರುತ್ತದೆ. ಕೊಲ್ಲುವುದು ಈ ಅಯಾನ್. ಬೆಳ್ಳಿ ಸಾಮಾನು ಇಟ್ಟಲ್ಲೇ ಕಪ್ಪಾಗುವುದನ್ನು ನೋಡಿದ್ದೀರಿ ಅಲ್ವಾ? ಗಂಧಕ ಕಂಡರೆ ಬೆಳ್ಳಿ ಬಿಡುವುದಿಲ್ಲ. ಬ್ಯಾಕ್ಟೀರಿಯಾದ ಪ್ರೋಟೀನ್‌ಗಳಲ್ಲೂ ಗಂಧಕ ಇದೆ. ಅಯಾನ್ ಅಲ್ಲಿ ಅಂಟಿಕೊಂಡರೆ ಆ ಪ್ರೋಟೀನ್ ಕೆಲಸಕ್ಕೆ ಬಾರದು. ನ್ಯಾನೋ ಬೆಳ್ಳಿ ಬಳಸುವುದೂ ಇದಕ್ಕೇ: 100 ನ್ಯಾನೋಮೀಟರ್‌ಗಿಂತ ಚಿಕ್ಕ ಕಣಗಳಾದರೆ ಮೇಲ್ಮೈ ಜಾಸ್ತಿ, ಅಯಾನ್‌ಗಳೂ ಜಾಸ್ತಿ.

ಎಷ್ಟು ಬೇಗ ಹೋಗುತ್ತದೆ? ಅಮೆರಿಕದ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯವರು ಬೇರೆ ಬೇರೆ ಸಾಕ್ಸ್‌ಗಳನ್ನು ನೀರಲ್ಲಿ ಅಲ್ಲಾಡಿಸಿ ನೋಡಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ನಾಲ್ಕೇ ಸಲಕ್ಕೆ ಹೆಚ್ಚುಕಡಿಮೆ ಎಲ್ಲ ಬೆಳ್ಳಿಯನ್ನೂ ಬಿಟ್ಟವು. ಕೆಲವು ಬಿಟ್ಟಿದ್ದು ತೀರಾ ಕಮ್ಮಿ. ದಾರದೊಳಗೇ ಸೇರಿಸಿದ್ದಾರೋ, ಮೇಲೆ ಬರೀ ಲೇಪಿಸಿದ್ದಾರೋ ಅನ್ನುವುದರ ಮೇಲೆ ಇದು ನಿಂತಿದೆ. ಲೇಬಲ್ ನೋಡಿದರೆ ಇದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ.

ಹೋದ ಬೆಳ್ಳಿ ಚರಂಡಿಗೆ ಸೇರುತ್ತದೆ. ಅಲ್ಲಿಯ ಗಂಧಕದ ಜೊತೆ ಕೂಡಿ ಬಹುಪಾಲು ಸಿಲ್ವರ್ ಸಲ್ಫೈಡ್ ಆಗುತ್ತದೆ. ಅದರ ವಿಷ ತುಂಬಾ ಕಡಿಮೆ.

ನನಗೆ ಚಿಂತೆ ಬೇರೆಯದು: ಬೆಳ್ಳಿಯನ್ನು ಎಲ್ಲೆಂದರಲ್ಲಿ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತೆ ಆಗಬಹುದು. ಸುಟ್ಟ ಗಾಯಕ್ಕೆ ಸೋಂಕು ತಗಲದ ಹಾಗೆ ಹಚ್ಚುವ, ಬೆಳ್ಳಿ ಇರುವ ಸಿಲ್ವರ್ ಸಲ್ಫಾಡಯಜೀನ್ ಮುಲಾಮು 1960ರ ದಶಕದಿಂದ ಇದೆ. ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸುಟ್ಟಗಾಯದ ವಾರ್ಡೊಂದರಲ್ಲಿ ಸಿಕ್ಕಿದ ವರದಿ 1975ರಲ್ಲೇ ಬಂದಿದೆ. ಗಾಯಕ್ಕೆ ಬೇಕಾದ ಮದ್ದನ್ನು ಕಾಲಿನ ವಾಸನೆಗೆ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ, ಹಾಕಿಕೊಳ್ಳಿ. ಬ್ಲೀಚ್ ಹಾಕಬೇಡಿ, ಬೆಳ್ಳಿ ಇನ್ನೂ ಬೇಗ ಹೋಗುತ್ತದೆ. ಒಳಮೈ ಹೊರಗೆ ಮಾಡಿ ಒಗೆದು, ಬೆರಳಿನ ತುದಿಯವರೆಗೂ ಒಣಗಿಸಿ. ಬೆಳ್ಳಿ ಇಲ್ಲದ ಸಾಕ್ಸ್‌ಗೂ ಇಷ್ಟು ಮಾಡಿ, ದಿನಾ ಬದಲಿಸಿದರೆ ವಾಸನೆ ಎಷ್ಟೋ ಕಡಿಮೆಯಾಗುತ್ತದೆ.